ಹೂಳುನೀರಿನಲ್ಲೂ ಕಟ್ಟದ ಕೂಲರ್: ಹಾರಂಗಿ ಹಿನ್ನೀರಿನ ಒಂದು ದೋಣಿ ಎಂಜಿನ್‌ಗೆ ಮಾಡಿದ ಕೆಲಸ

ದೋಣಿ ಇಪ್ಪತ್ತೆರಡು ಅಡಿಯದು, ಉಕ್ಕಿನ ತಗಡಿನದು, ತಳ ಚಪ್ಪಟೆ. ಕೊಡಗಿನ ಹಾರಂಗಿ ಹಿನ್ನೀರಿನ ಈ ದಡದಿಂದ ಆ ದಡದ ಕಾಫಿ ತೋಟಕ್ಕೆ ಗೊಬ್ಬರದ ಚೀಲ, ಡೀಸೆಲ್ ಕ್ಯಾನು, ಸ್ಪ್ರಿಂಕ್ಲರ್ ಪೈಪು, ಆಳುಗಳನ್ನು ದಾಟಿಸುವುದು ಅದರ ಕೆಲಸ. ಎಂಜಿನ್ 20 ಎಚ್‌ಪಿಯ ಎರಡು ಸಿಲಿಂಡರ್ ಡೀಸೆಲ್. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಯ ಬ್ಲಾಸಮ್‌ಗೂ (ಹೂ ಅರಳಿಸಲು) ಆಮೇಲೆ ಬ್ಯಾಕಿಂಗ್‌ಗೂ (ಹೂವಾದ ಮೇಲೆ ಕೊಡುವ ಎರಡನೇ ನೀರು) ನೀರು ಹಾರಿಸುವ ಪಂಪ್‌ಸೆಟ್ ಎಂಜಿನ್‌ಗಳ ಜಾತಿಯದೇ. ಅದಕ್ಕೆ ಗೇರ್‌ಬಾಕ್ಸ್ ಮತ್ತು ಶಾಫ್ಟ್ ಜೋಡಿಸಿ, ತಣಿಸಲು ಒಂದು ಟ್ಯೂಬ್ ಕೂಲರ್ ಕೂರಿಸಿದ್ದರು. ಎಂಜಿನ್ ಜಾಕೆಟ್‌ನೊಳಗೆ, ಅಂದರೆ ಸಿಲಿಂಡರುಗಳ ಸುತ್ತಲಿನ ಪೊಳ್ಳಿನೊಳಗೆ, ತಣಿಸುವ ದ್ರವವಾದ ಕೂಲಂಟ್ ಸುತ್ತುತ್ತದೆ, ಹೊಳೆಯ ನೀರು ಕೂಲರಿನ ಟ್ಯೂಬುಗಳೊಳಗೆ ಹರಿದು ಆ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಎರಡೂ ನೀರು ಬೆರೆಯುವುದಿಲ್ಲ.

"ಬೇಸಿಗೇಲಿ ಏನೂ ತೊಂದ್ರೆ ಇಲ್ಲ ಮಾರಾಯ. ನೀರು ಕೆಂಪಾಯ್ತು ಅಂದ್ರೆ ಸಾಕು, ಮುಳ್ಳು ಮೇಲೆ ಹೋಗೋದು ನಿಲ್ಲೋದೇ ಇಲ್ಲ" ಎಂದರು ದೋಣಿ ನಡೆಸುವ ಅಣ್ಣ. ಭಾರ ಹೇರಿ ಪೂರ್ತಿ ಥ್ರಾಟಲ್‌ನಲ್ಲಿ ಹೊರಟರೆ ಆಚೆ ದಡ ಮುಟ್ಟುವ ಮೊದಲೇ ಮುಳ್ಳು 96 ಡಿಗ್ರಿಗೆ ಬಂದು ಹೆಡರ್ ಟ್ಯಾಂಕಿನ ಮುಚ್ಚಳದಿಂದ ಆವಿ ಏಳುತ್ತಿತ್ತು. ಎರಡು ಸಲ ಹೆಡ್ ಗ್ಯಾಸ್ಕೆಟ್ ಬದಲಾಗಿತ್ತು. ಇನ್ನೂ ದೊಡ್ಡ ಕೂಲರ್ ಹಾಕಿಬಿಡಿ ಎಂಬುದು ಎಲ್ಲರ ಸಲಹೆ. ಹಾಕಿರುವ ಕೂಲರ್ ಚಿಕ್ಕದೇ ಎಂದು ಮೊದಲು ನೋಡಬೇಕಿತ್ತು.

96 ಡಿಗ್ರಿ ಎಂಬ ಅಂಕಿಗೆ ಕೊಡಗಿನಲ್ಲಿ ಬೇರೆಯೇ ತೂಕವಿದೆ. ಹಾರಂಗಿ ಜಲಾಶಯದ ಪೂರ್ಣಮಟ್ಟ 2,859 ಅಡಿ, ಅಂದರೆ ಸುಮಾರು 871 ಮೀಟರ್. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯ ದೋಣಿಗೆ ಇರುವ ಮೂರು ಡಿಗ್ರಿಯ ಅವಕಾಶ ನಮಗಿಲ್ಲ. ಅದಕ್ಕೇ ಒತ್ತಡ ಹಿಡಿಯುವ ಮುಚ್ಚಳ ಇಲ್ಲಿ ಬೇಕೇ ಬೇಕು. 0.9 ಬಾರ್‌ನ ಒಳ್ಳೆಯ ಮುಚ್ಚಳವಿದ್ದರೆ ಕುದಿಯುವ ಬಿಂದು ಇದೇ ಎತ್ತರದಲ್ಲಿ ಸುಮಾರು 117 ಡಿಗ್ರಿಗೆ ಏರುತ್ತದೆ. ಈ ದೋಣಿಯ ಮುಚ್ಚಳದ ರಬ್ಬರ್ ಒಣಗಿ ಬಿರಿದಿತ್ತು, ಒತ್ತಡ ನಿಲ್ಲುತ್ತಲೇ ಇರಲಿಲ್ಲ. ಕುದಿದು ಉಕ್ಕಿದ ಕೂಲಂಟ್‌ನ ಜಾಗಕ್ಕೆ ಪ್ರತಿ ಸಲ ಹೊಳೆ ನೀರನ್ನೇ ತುಂಬಿದ್ದರಿಂದ ಜಾಕೆಟ್‌ನೊಳಗೂ ತುಕ್ಕಿನ ಕೆಸರು.

ಕೂಲರ್ ಬಿಚ್ಚುವ ಮೊದಲು ಬಕೆಟ್ ಹಿಡಿದೆ. ಪಕ್ಕದ ಪೈಪಿನಿಂದ ಹೊರಗೆ ಬೀಳುವ ನೀರಿಗೆ 10 ಲೀಟರಿನ ಬಕೆಟ್ ಒಡ್ಡಿದರೆ ತುಂಬಲು 38 ಸೆಕೆಂಡು. ನಿಮಿಷಕ್ಕೆ 16 ಲೀಟರ್ ಕೂಡ ಇಲ್ಲ. ಆ ಪಂಪು ಕೊಡಬೇಕಾದದ್ದು 25. ಪಂಪಿನ ಮುಚ್ಚಳ ತೆಗೆದರೆ, ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳ ತುದಿ ಸವೆದಿದೆ, ಮುಚ್ಚಳದ ಒಳಮೈಯಲ್ಲಿ ಉಗುರಿಗೆ ಸಿಕ್ಕುವಷ್ಟು ಆಳದ ಗೀರು. ಮಣ್ಣು ಬೆರೆತ ನೀರನ್ನು ಎಳೆಯುವ ಪಂಪಿನ ಗತಿಯೇ ಇದು. ಹೊಸ ಇಂಪೆಲ್ಲರ್ ಹಾಕಿ, ಮುಚ್ಚಳವನ್ನು ತಿರುಗಿಸಿ ನುಣುಪಾದ ಹೊರಮೈ ಒಳಗೆ ಬರುವಂತೆ ಕೂರಿಸಿದೆ. ಬಕೆಟ್ 24 ಸೆಕೆಂಡಿಗೆ ತುಂಬಿತು. ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಇಷ್ಟರಲ್ಲೇ ಆಗುವ ಈ ಪರೀಕ್ಷೆಯನ್ನು ದೋಣಿ ಇಟ್ಟುಕೊಂಡವರೆಲ್ಲ ಮಳೆಗಾಲಕ್ಕೆ ಮುಂಚೆ ಮಾಡಬೇಕು.

ಕೂಲಂಟ್ ಕಾದ ಮೇಲೆ ಕೂಲರಿನ ದಾರಿ ತೆರೆಯುವ ಕವಾಟ, ಅಂದರೆ ಥರ್ಮೋಸ್ಟಾಟ್, ಇರಬೇಕಾದ ಗೂಡು ಖಾಲಿ. ಬಿಸಿಯಾಗುತ್ತದೆ ಎಂದು ಹಿಂದೆ ಯಾರೋ ಮೆಕ್ಯಾನಿಕ್ ಕಿತ್ತು ಬಿಸಾಡಿದ್ದಾರೆ. ನಮ್ಮ ಕಡೆ ಇದು ಎಷ್ಟು ಸಾಮಾನ್ಯವೋ ಅಷ್ಟೇ ಹಾನಿಕರ. ಈ ಎಂಜಿನ್‌ನ ಥರ್ಮೋಸ್ಟಾಟ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ಕೂಲರಿಗೆ ಹೋಗದೆ ಸೀದಾ ಎಂಜಿನ್‌ಗೇ ಮರಳುತ್ತದೆ. ಭಾರವಿಲ್ಲದಾಗ ಎಂಜಿನ್ ತಣ್ಣಗೆ ಓಡಿ ಹೊಗೆ ಕಾರುತ್ತದೆ, ಭಾರ ಬಿದ್ದಾಗ ಬೇಗ ಕಾಯುತ್ತದೆ. 82 ಡಿಗ್ರಿಗೆ ತೆರೆಯುವ ಹೊಸದನ್ನು ಹಾಕಿದೆ.

ಪಂಪು, ಟ್ಯಾಂಕಿನ ಮುಚ್ಚಳ, ಥರ್ಮೋಸ್ಟಾಟ್ ಮೂರೂ ಸರಿಯಾದ ಮೇಲೆ ಎಂಜಿನ್ ಸುಧಾರಿಸಿತು. ಆದರೂ ಪೂರ್ತಿ ಭಾರದಲ್ಲಿ ಮುಳ್ಳು 90 ದಾಟುತ್ತಿತ್ತು. ಆಗ ಕೂಲರನ್ನು ಬೆಂಚಿನ ಮೇಲೆ ತಂದೆ.

ಒಳಗೆ ಅಂಗುಲದ ಎಂಟನೇ ಮೂರು ಪಾಲಿನಷ್ಟು ದಪ್ಪದ, 9.5 ಮಿಲಿಮೀಟರಿನ 40 ತಾಮ್ರದ ಟ್ಯೂಬುಗಳು, ತಲಾ 450 ಮಿಮೀ ಉದ್ದ. ನೀರು ಒಂದು ತುದಿಯಿಂದ ನುಗ್ಗಿ ನಲವತ್ತರಲ್ಲೂ ಹಂಚಿಕೊಂಡು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಕೆಳಗಿನ ಸಾಲುಗಳ 14 ಟ್ಯೂಬುಗಳಲ್ಲಿ ಹೂಳು ಗಟ್ಟಿಯಾಗಿ ಕೂತಿತ್ತು. ಮಧ್ಯದವುಗಳಲ್ಲಿ ಜಾರುವ ಹಸಿರು ಪಾಚಿ. ಮೇಲಿನವು ಮಾತ್ರ ಶುಭ್ರ. ಬಿಳಿ ಉಪ್ಪಿನ ಪದರ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ. ಕೊಡಗಿನ ಹೊಳೆ ನೀರು ಮೆದು, ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಸುಣ್ಣ ಕಟ್ಟುವುದಿಲ್ಲ. ನಮ್ಮ ಶತ್ರು ಮಣ್ಣು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ ಇಳಿದ ಮಣ್ಣು ಹಾರಂಗಿಗೇ ಬಂದು ಸೇರಿತು. ಮಳೆ ಜೋರಾದಾಗಲೆಲ್ಲ ನೀರು ಕೆಮ್ಮಣ್ಣಿನ ಬಣ್ಣ ತಾಳುತ್ತದೆ. ಸ್ಟ್ರೇನರ್ ಇದ್ದರೂ ಅದು ತಡೆಯುವುದು ಸಿಲ್ವರ್ ಓಕ್ ಎಲೆಯನ್ನು, ಕಡ್ಡಿಯನ್ನು. ನುಣ್ಣನೆಯ ಹೂಳು ಯಾವ ಜಾಲರಿಗೂ ಸಿಕ್ಕುವುದಿಲ್ಲ.

ಹೂಳು ಒಳಗೆ ಬರುವುದನ್ನು ತಡೆಯಲಾಗದಿದ್ದರೆ ಅದು ಕೂರದಂತೆ ಮಾಡಬೇಕು. ಕೂರುವುದು ಯಾಕೆ? ಹಟ್ಟಿಹೊಳೆಯಲ್ಲಿ ರಭಸವಾಗಿ ಹರಿಯುವ ನೀರು ಮಣ್ಣನ್ನು ಹೊತ್ತು ತರುತ್ತದೆ, ಹಿನ್ನೀರಿಗೆ ಬಂದು ನಿಧಾನವಾದ ಕೂಡಲೇ ಇಳಿಸಿಬಿಡುತ್ತದೆ. ಈ ಕೂಲರಿನೊಳಗೂ ಆದದ್ದು ಅದೇ. ಒಂದು ಟ್ಯೂಬಿನ ಒಳವ್ಯಾಸ 8 ಮಿಮೀ. ನಿಮಿಷಕ್ಕೆ 25 ಲೀಟರನ್ನು ನಲವತ್ತು ಟ್ಯೂಬುಗಳಿಗೆ ಹಂಚಿದರೆ ಪ್ರತಿಯೊಂದರಲ್ಲೂ ವೇಗ ಸೆಕೆಂಡಿಗೆ 0.2 ಮೀಟರ್ ಅಷ್ಟೆ. ಹಳೇ ಇಂಪೆಲ್ಲರ್ ಇದ್ದಾಗ 0.13. ಹೂಳು ಹೊತ್ತೊಯ್ಯಲು ಕನಿಷ್ಠ ಸೆಕೆಂಡಿಗೆ ಒಂದು ಮೀಟರ್ ವೇಗ ಬೇಕು ಎಂಬುದು ಕೂಲರ್ ವಿನ್ಯಾಸದಲ್ಲಿ ಬಹಳ ಕಾಲದಿಂದ ಬಂದ ನಿಯಮ. ತಾಮ್ರದ ಟ್ಯೂಬಿಗೆ ಸುಮಾರು ಒಂದೂವರೆ ಮೀಟರ್ ಮೀರಿದರೆ ಮಣ್ಣು ಟ್ಯೂಬನ್ನೇ ಉಜ್ಜಿ ತಿನ್ನತೊಡಗುತ್ತದೆ. ನಮಗೆ ಸಿಗುವ ಅವಕಾಶ ಈ ಎರಡರ ನಡುವೆ.

ನಿಧಾನದ ಹರಿವಿಗೆ ಇನ್ನೊಂದು ದೋಷವಿದೆ, ಹೂಳಿಗಿಂತಲೂ ಅದು ದೊಡ್ಡದು. 0.2 ಮೀಟರ್ ವೇಗದಲ್ಲಿ ನೀರು ಟ್ಯೂಬಿನೊಳಗೆ ಪದರ ಪದರವಾಗಿ, ಕಲಕದೆ ಜಾರುತ್ತದೆ. ಹರಿವು ಕಲಕುತ್ತದೆಯೇ ಇಲ್ಲವೇ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಿದರೆ 2,200ರ ಆಸುಪಾಸು, ಹರಿವು ಕಲಕಲು ಶುರುವಾಗುವುದು 2,300ರ ಮೇಲೆ. ಕಲಕದ ನೀರಿನಲ್ಲಿ ಗೋಡೆಗೆ ತಾಗಿದ ಪದರ ಬಿಸಿಯಾಗಿ ಅಲ್ಲೇ ಅಂಟಿಕೊಂಡಿರುತ್ತದೆ, ನಡುವಿನ ತಣ್ಣೀರು ಗೋಡೆಯನ್ನು ಮುಟ್ಟದೆಯೇ ಹೊರಗೆ ಹೋಗಿಬಿಡುತ್ತದೆ. ಟ್ಯೂಬಿನ ಸಂಖ್ಯೆ ಹೆಚ್ಚಿಸಿ ಕೂಲರನ್ನು ದೊಡ್ಡದು ಮಾಡಿದಷ್ಟೂ ವೇಗ ಇನ್ನೂ ಇಳಿದು ಇದೇ ತೊಂದರೆ ಹೆಚ್ಚುತ್ತದೆ. ಎಲ್ಲರೂ ಕೊಟ್ಟ ಸಲಹೆಯನ್ನು ನಾನು ಒಪ್ಪದಿದ್ದದ್ದು ಇದಕ್ಕೇ.

ಬೇರೆ ದಾರಿಗಳನ್ನೂ ಯೋಚಿಸಿದ್ದೆ. ದೋಣಿಯ ತಳಕ್ಕೆ ಪೈಪು ಬೆಸೆದು ಅದರೊಳಗೇ ಕೂಲಂಟ್ ಸುತ್ತಿಸುವ ಕೀಲ್ ಕೂಲರ್ ಹೂಳುನೀರಿಗೆ ನಿಜಕ್ಕೂ ಒಳ್ಳೆಯದು, ಹೊಳೆ ನೀರಿನ ಪಂಪೇ ಬೇಡ. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಈ ದೋಣಿ ಕೆಸರಿನ ಮೇಲೆ, ಮುಳುಗಿದ ಮರದ ಬುಡಗಳ ಮೇಲೆ ಉಜ್ಜಿಕೊಂಡೇ ದಡ ಸೇರುವುದು. ತಳದ ಪೈಪು ಒಂದು ಬೇಸಿಗೆ ಬಾಳುವುದಿಲ್ಲ. ತಗಡು ತಗಡಾಗಿ ಜೋಡಿಸಿದ ಪ್ಲೇಟ್ ಕೂಲರ್ ಅಂಗೈಯಗಲದಲ್ಲಿ ಅಷ್ಟೇ ಬಿಸಿ ತೆಗೆಯುತ್ತದೆ. ಅದರ ಸಂದು ಎರಡು ಮೂರು ಮಿಮೀ ಮಾತ್ರ, ಬ್ರೇಜ್ ಮಾಡಿದ್ದನ್ನು ಬಿಚ್ಚಿ ತೊಳೆಯಲೂ ಆಗದು. ನೇರ ಟ್ಯೂಬಾದರೆ ಮುಚ್ಚಳ ತೆಗೆದು ಕಡ್ಡಿ ಹಾಕಿ ಉಜ್ಜಬಹುದು. ತೋಟದಲ್ಲಿ, ಪೇಟೆಯಿಂದ ದೂರ ಓಡುವ ಎಂಜಿನ್‌ಗೆ ಈ ಗುಣ ಎಲ್ಲಕ್ಕಿಂತ ಮೇಲು.

ಲೆಕ್ಕ ಹೀಗೆ. 20 ಎಚ್‌ಪಿ ಅಂದರೆ 15 ಕಿಲೋವಾಟ್. ಇಂಥ ಡೀಸೆಲ್ ಎಂಜಿನ್ ಉರಿಸುವ ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಪಾಲು ಶಾಫ್ಟಿಗೆ, ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಜಾಕೆಟ್ ನೀರಿಗೆ, ಉಳಿದದ್ದರ ಬಹುಪಾಲು ಸೈಲೆನ್ಸರಿಗೆ ಹೋಗುತ್ತದೆ. ಜಾಕೆಟ್‌ನ ಪಾಲು 13 ಕಿಲೋವಾಟ್ ಎಂದು ಬಂತು, ಕೈ ಬಿಗಿಯಾಗದಿರಲೆಂದು 15 ಇಟ್ಟುಕೊಂಡೆ. ಹೊಳೆ ನೀರು 28 ಡಿಗ್ರಿಯಲ್ಲಿ ಒಳಗೆ ಬಂದರೆ, ನಿಮಿಷಕ್ಕೆ 25 ಲೀಟರಿನಂತೆ ಅಷ್ಟು ಬಿಸಿ ಹೊತ್ತು 36.6ಕ್ಕೆ ಹೊರಬೀಳಬೇಕು. ಕೂಲಂಟ್ 82ರಿಂದ 76ಕ್ಕೆ ಇಳಿಯಬೇಕು. ಎರಡರ ನಡುವಿನ ಸರಾಸರಿ ಅಂತರ ಸುಮಾರು 46 ಡಿಗ್ರಿ. ಅಷ್ಟಿಷ್ಟು ಹೂಳು ಅಂಟಿದ ಮೇಲೂ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 700 ವಾಟ್ ದಾಟುತ್ತದೆ ಎಂದು ಹಿಡಿದರೆ ಬೇಕಾದ ಮೈ 0.47 ಚದರ ಮೀಟರ್. 500 ಮಿಮೀ ಉದ್ದದ 32 ಟ್ಯೂಬುಗಳಿಗೆ ಅದು ಸಿಗುತ್ತದೆ.

ಹಳೇ ಕೂಲರಿನ ಮೈ ಎಷ್ಟಿತ್ತು ಗೊತ್ತೇ? 0.54. ಹೊಸದು ಅದಕ್ಕಿಂತ ಚಿಕ್ಕದು.

ವ್ಯತ್ಯಾಸವಿರುವುದು ನೀರಿನ ದಾರಿಯಲ್ಲಿ. 32 ಟ್ಯೂಬುಗಳನ್ನು ಎಂಟೆಂಟರ ನಾಲ್ಕು ಗುಂಪು ಮಾಡಿ, ನೀರು ಮೊದಲ ಎಂಟರಲ್ಲಿ ಹೋಗಿ, ಎರಡನೇ ಎಂಟರಲ್ಲಿ ಮರಳಿ, ಹೀಗೆ ನಾಲ್ಕು ಸಲ ಓಡಾಡಿ ಹೊರಬರುವಂತೆ ಮಾಡಿದೆ. ಅಷ್ಟೇ ಪಂಪು, ಅಷ್ಟೇ ನೀರು. ವೇಗ ಮಾತ್ರ ಸೆಕೆಂಡಿಗೆ 1.04 ಮೀಟರ್. ರೆನಾಲ್ಡ್ಸ್ ಸಂಖ್ಯೆ 10,000 ದಾಟಿತು, ಹರಿವು ಪೂರ್ತಿ ಕಲಕಿದ್ದು. ಹೂಳು ಕೂರುವುದಿಲ್ಲ, ಗೋಡೆಯ ಬಿಸಿಯೂ ಅಂಟಿ ನಿಲ್ಲುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ಪಂಪಿನ ಮೇಲಿನ ಒತ್ತಡ: ನಾಲ್ಕು ಓಡಾಟ ಮತ್ತು ತಿರುವುಗಳಿಗೆ ಸೇರಿ ಸುಮಾರು 0.13 ಬಾರ್, ಒಂದೂಕಾಲು ಮೀಟರ್ ಚಿಲ್ಲರೆ ನೀರಿನ ಎತ್ತರದಷ್ಟು. ರಬ್ಬರ್ ಇಂಪೆಲ್ಲರಿಗೆ ಅದು ಲೆಕ್ಕಕ್ಕೇ ಇಲ್ಲ. ನಾಲ್ಕು ಓಡಾಟದಲ್ಲಿ ಬಿಸಿ ನೀರಿಗೆ ಎದುರಾಗಿ ಹರಿಯುವ ಲಾಭ ತಪ್ಪುತ್ತದಲ್ಲ ಎಂದು ಓದಿದವರು ಕೇಳಬಹುದು. ಎರಡೂ ನೀರಿನ ತಾಪ ಬದಲಾಗುವುದು ಆರರಿಂದ ಒಂಬತ್ತು ಡಿಗ್ರಿ, ನಡುವಿನ ಅಂತರ 46. ಇಂಥಲ್ಲಿ ಆ ನಷ್ಟ ನೂರಕ್ಕೆ ಒಂದೆರಡು ಪಾಲು ಮಾತ್ರ.

ಕೆಲಸ ಶುರು ಮಾಡಿದ್ದು ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಕುಶಾಲನಗರದ ಲೇತ್ ಶಾಪ್‌ಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ: ಹಣ್ಣು ಕುಯ್ಯುವ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಲಸ, ಅದು ಮುಗಿಯುತ್ತಲೇ ಸ್ಪ್ರಿಂಕ್ಲರ್ ಪಂಪಿನ ಕೆಲಸ.

ಹೊರಗಿನ ಶೆಲ್‌ಗೆ ನಾಲ್ಕಿಂಚಿನ ಸೀಮ್‌ಲೆಸ್ ಪೈಪು. ಬೆಸುಗೆ ಗೆರೆ ಇರುವ ಪೈಪು ಅಗ್ಗ, ಆದರೆ ಒಳಗಿನ ಆ ಗೆರೆ ಅಡ್ಡತಟ್ಟೆಗಳನ್ನು, ಅಂದರೆ ಬ್ಯಾಫಲ್‌ಗಳನ್ನು, ಸರಿಯಾಗಿ ಕೂರಲು ಬಿಡುವುದಿಲ್ಲ. ಬ್ಯಾಫಲ್ ಮತ್ತು ಶೆಲ್ ನಡುವೆ ಸಂದು ಬಿಟ್ಟರೆ ಕೂಲಂಟ್ ಟ್ಯೂಬುಗಳ ನಡುವೆ ನುಗ್ಗುವ ಕಷ್ಟ ಪಡದೆ ಅಂಚಿನಲ್ಲೇ ಜಾರಿಹೋಗುತ್ತದೆ. ಹಳೇ ಕೂಲರಿನಲ್ಲಿ ಇದ್ದದ್ದು ಎರಡೇ ಬ್ಯಾಫಲ್, ಅವೂ ಸಡಿಲ. ಹೊಸದರಲ್ಲಿ 50 ಮಿಮೀಗೆ ಒಂದರಂತೆ ಹಿತ್ತಾಳೆ ತಗಡಿನ ಬ್ಯಾಫಲ್‌ಗಳು, ಪ್ರತಿಯೊಂದರಲ್ಲೂ ಕಾಲುಭಾಗ ಕತ್ತರಿಸಿದ್ದು, ಒಂದು ಎಡಕ್ಕೆ ಬಾಯಿ ತೆರೆದರೆ ಮುಂದಿನದು ಬಲಕ್ಕೆ. ಬಾಯಿ ಮೇಲೆ ಕೆಳಗೆ ಇಟ್ಟರೆ ಮೇಲ್ಗಡೆ ಗಾಳಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಪಕ್ಕಕ್ಕೆ. ಅಂಚಿನ ಸಂದು ಅರ್ಧ ಮಿಮೀ ಒಳಗೇ ಇರಲಿ ಎಂದು ಲೇತ್ ಅಣ್ಣನ ಹತ್ತಿರ ಶೆಲ್‌ನ ಒಳಮೈಯನ್ನೂ ಲಘುವಾಗಿ ಬೋರ್ ಮಾಡಿಸಿದೆ. "ನೀರು ಹೋಗೋ ಪೈಪಿಗೆ ಇಷ್ಟು ನಯ ಯಾಕೆ?" ಎಂದು ಕೇಳಿದವರು, ಚಿತ್ರ ಬರೆದು ತೋರಿಸಿದ ಮೇಲೆ ತಾವೇ ಇನ್ನೊಂದು ಸುತ್ತು ಹೊಡೆದು ಕೊಟ್ಟರು.

ಟ್ಯೂಬುಗಳ ತುದಿಗಳನ್ನು ಹಿಡಿಯುವ ಟ್ಯೂಬ್ ಪ್ಲೇಟ್ 12 ಮಿಮೀ ಹಿತ್ತಾಳೆ. ತೂತುಗಳ ನಡುವೆ 15 ಮಿಮೀ, ಜೇನುಗೂಡಿನ ಜೋಡಣೆ. ಎರಡು ಪ್ಲೇಟನ್ನೂ ಎಲ್ಲ ಬ್ಯಾಫಲ್‌ಗಳನ್ನೂ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ತೂತು ಕೊರೆದದ್ದರಿಂದ ಟ್ಯೂಬುಗಳು ತಡೆಯಿಲ್ಲದೆ ಸಾಗಿದವು. ಟ್ಯೂಬುಗಳನ್ನು ಎಕ್ಸ್‌ಪಾಂಡರ್ ಹಾಕಿ ಪ್ಲೇಟಿಗೆ ಹಿಗ್ಗಿಸಿ, ಮೇಲೆ ತವರದ ಬೆಸುಗೆ ಹರಿಸಿದೆ. ಬೆಳ್ಳಿ ಬ್ರೇಜಿಂಗ್ ಹೆಚ್ಚು ಗಟ್ಟಿ ಎನ್ನುವವರಿದ್ದಾರೆ. ಅದರ ಕಾವಿಗೆ ತೆಳು ತಾಮ್ರ ಮೆತ್ತಗಾಗುತ್ತದೆ, ಪ್ಲೇಟ್ ಸೊಟ್ಟಗಾಗುವುದೂ ಇದೆ. ಇಲ್ಲಿ ಬಲ ಕೊಡುವುದು ಹಿಗ್ಗಿಸಿದ ಬಿಗಿ, ಬೆಸುಗೆ ಸೋರುವುದನ್ನು ತಡೆಯಲಷ್ಟೇ. 183 ಡಿಗ್ರಿಗೆ ಕರಗುವ ಬೆಸುಗೆಗೆ ನಮ್ಮ 82 ಡಿಗ್ರಿ ಏನೂ ಅಲ್ಲ.

ಉಕ್ಕಿನ ಶೆಲ್ 80 ಡಿಗ್ರಿಗೆ ಕಾದು ಹಿಗ್ಗುವಾಗ ಒಳಗಿನ ತಾಮ್ರ ಅದಕ್ಕಿಂತ ತಣ್ಣಗಿರುತ್ತದೆ. ಎರಡೂ ಒಂದೇ ಅಳತೆಗೆ ಹಿಗ್ಗುವುದಿಲ್ಲ. ವ್ಯತ್ಯಾಸ ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಕಡಿಮೆ, ಆದರೆ ದಿನಾ ಎಳೆದು ಬಿಟ್ಟರೆ ಬೆಸುಗೆ ಬಿರಿಯಲು ಅದೇ ಸಾಕು. ಹಾಗಾಗಿ ಒಂದು ತುದಿಯ ಪ್ಲೇಟನ್ನು ಫ್ಲಾಂಜಿಗೆ ಬಿಗಿದು, ಇನ್ನೊಂದು ತುದಿಯದನ್ನು ಎರಡು ಓ ರಿಂಗ್‌ಗಳ ನಡುವೆ ಜಾರಲು ಬಿಟ್ಟೆ. ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಎರಡು ರಿಂಗ್‌ಗಳ ನಡುವೆ ಶೆಲ್‌ನ ಅಡಿಯಲ್ಲಿ ಹೊರಗೆ ತೆರೆಯುವ 3 ಮಿಮೀ ತೂತು. ಯಾವ ರಿಂಗ್ ಸೋತರೂ ನೀರು ಅಲ್ಲಿಂದ ಹೊರಗೆ ತೊಟ್ಟಿಕ್ಕುತ್ತದೆಯೇ ಹೊರತು ಒಂದಕ್ಕೊಂದು ಬೆರೆಯುವುದಿಲ್ಲ. ಬಿದ್ದ ಹನಿಗೆ ಬಣ್ಣವಿದ್ದರೆ ಕೂಲಂಟ್ ಕಡೆಯ ರಿಂಗ್, ಇಲ್ಲದಿದ್ದರೆ ಹೊಳೆ ಕಡೆಯದು. ರಿಂಗ್‌ಗಳು ಇಪಿಡಿಎಂ ರಬ್ಬರಿನವು. ಕೂಲಂಟ್‌ಗೆ ಚೆನ್ನಾಗಿ ಬಾಳುತ್ತವೆ, ಗ್ರೀಸ್ ತಾಗಿದರೆ ಮಾತ್ರ ಊದಿಕೊಳ್ಳುತ್ತವೆ. ಕೂರಿಸುವಾಗ ಸೋಪಿನ ನೀರೇ ಸಾಕು.

ಮುಂದಿನ ಮುಚ್ಚಳದಲ್ಲಿ ಎರಡು ಅಡ್ಡಗೋಡೆ, ಹಿಂದಿನದರಲ್ಲಿ ಒಂದು. ನೀರನ್ನು ಮೂರು ಸಲ ತಿರುಗಿಸಿ ನಾಲ್ಕು ಸಲ ಓಡಾಡಿಸುವುದು ಇವೇ. ನೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಹಳೇ ಮುಚ್ಚಳಗಳು ಅಲ್ಯುಮಿನಿಯಂ ಎರಕ, ತಾಮ್ರದ ಸಹವಾಸಕ್ಕೆ ಬಿಳಿ ಪುಡಿಯಾಗಿ ತಿಂದುಹೋಗಿದ್ದವು. ಹೊಸವು ಗನ್‌ಮೆಟಲ್, ಅಂದರೆ ತಾಮ್ರ ತವರದ ಮಿಶ್ರಲೋಹ. ಹೊಳೆ ನೀರು ಮುಟ್ಟುವ ಕಡೆ ಈಗ ತಾಮ್ರ, ಹಿತ್ತಾಳೆ, ಗನ್‌ಮೆಟಲ್ ಬಿಟ್ಟರೆ ಬೇರೆ ಲೋಹವಿಲ್ಲ, ಅದಕ್ಕೆ ಉಳಿದ ಲೋಹದ ಬದಲು ತಾನು ಸವೆದು ಅದನ್ನು ಕಾಯುವ ಸತುವಿನ ಕಡ್ಡಿ ಹಾಕಲಿಲ್ಲ. ಸಮುದ್ರದ ದೋಣಿಗಳಲ್ಲಿ ಅದು ಅಗತ್ಯ. ಸಿಹಿನೀರಿನಲ್ಲಿ ಸತು ತನ್ನ ಮೇಲೇ ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ, ಇಲ್ಲಿ ಬೇಕೆನಿಸಿದರೆ ಮೆಗ್ನೀಸಿಯಂನದೇ ಹಾಕಬೇಕು. ಗ್ಯಾಸ್ಕೆಟ್ ಕತ್ತರಿಸುವಾಗ ಅಡ್ಡಗೋಡೆಗಳ ಪಟ್ಟಿಯೂ ಅದೇ ಹಾಳೆಯಲ್ಲಿ ಬರಬೇಕು. ಅಲ್ಲಿ ಸೋರಿದರೆ ಹೊರಗೆ ಹನಿಯೂ ಕಾಣುವುದಿಲ್ಲ, ನೀರು ಟ್ಯೂಬು ಸುತ್ತದೆ ಅಡ್ಡದಾರಿ ಹಿಡಿಯುತ್ತದೆ.

ಒತ್ತಡದ ಪರೀಕ್ಷೆಗೆ ತೋಟದ ರಾಕರ್ ಸ್ಪ್ರೇಯರ್ ತಂದೆವು. ಕಾಳುಮೆಣಸಿಗೆ, ಕಾಫಿಗೆ ಬೋರ್ಡೋ ಹೊಡೆಯುವ ಅದೇ ಪಂಪು; ಮೈಲುತುತ್ತದ ಅಂಶ ಉಳಿಯದಂತೆ ತೊಳೆದು, ಗೇಜ್ ಸಿಕ್ಕಿಸಿ, ಶೆಲ್‌ಗೆ ನೀರು ತುಂಬಿಸಿ 3 ಬಾರ್‌ಗೆ ಏರಿಸಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಕದಲಲಿಲ್ಲ. ಗಾಳಿ ತುಂಬಿ ಪರೀಕ್ಷಿಸುವುದು ಬೇಡ. ಅದು ಸಿಡಿದರೆ ಕೈ ಹೋಗುತ್ತದೆ, ನೀರಾದರೆ ನೆಲ ಒದ್ದೆಯಾಗುತ್ತದೆ ಅಷ್ಟೆ.

ಜಾಕೆಟ್ ತೊಳೆದು, ಡಿಸ್ಟಿಲ್ಡ್ ನೀರಿಗೆ ನೂರಕ್ಕೆ ಮೂವತ್ತರಂತೆ ಕೂಲಂಟ್ ಬೆರೆಸಿ ತುಂಬಿದೆ. ಕೊಡಗಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲಂಟ್ ಯಾಕೆ ಎಂಬ ಪ್ರಶ್ನೆ ಬಂತು. ಉಕ್ಕಿನ ಶೆಲ್, ತಾಮ್ರದ ಟ್ಯೂಬು, ಎರಕದ ಜಾಕೆಟ್ ಒಂದೇ ನೀರಿನಲ್ಲಿದ್ದಾಗ ತುಕ್ಕು ತಡೆಯುವುದು ಅದರಲ್ಲಿರುವ ಔಷಧವೇ.

ಮಳೆ ಹಿಡಿದ ಮೇಲೆ ದೋಣಿ ತುಂಬ ಗೊಬ್ಬರ ಹೇರಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ನಾಲ್ಕು ಕಡೆ ತಾಪ ಅಳೆದೆ. ಪೂರ್ತಿ ಥ್ರಾಟಲ್ ಎಂಬುದು ಮುಖ್ಯ. ಪ್ರೊಪೆಲ್ಲರ್ ಬೇಡುವ ಶಕ್ತಿ ವೇಗದ ಘನದಷ್ಟು ಏರುತ್ತದೆ, ನೂರಕ್ಕೆ ಎಂಬತ್ತು ಆರ್‌ಪಿಎಂನಲ್ಲಿ ಅರ್ಧ ಶಕ್ತಿಯೇ ಸಾಕು. ಬೇಸಿಗೆಯಲ್ಲಿ ಖಾಲಿ ದೋಣಿ ನಿಧಾನಕ್ಕೆ ಓಡಿದಾಗ ಹಳೇ ಕೂಲರಿನ ಬಣ್ಣ ಬಯಲಾಗದೆ ಇದ್ದದ್ದು ಹೀಗೆ. ಹೊಳೆ ನೀರು ಒಳಗೆ 26, ಹೊರಗೆ 34. ಎಂಜಿನ್‌ನಿಂದ ಬರುವ ಕೂಲಂಟ್ 83, ಮರಳುವುದು 77.5. ಎಂಟು ಡಿಗ್ರಿ, ನಿಮಿಷಕ್ಕೆ 25 ಲೀಟರ್: 13.9 ಕಿಲೋವಾಟ್. ಕಾಗದದ ಮೇಲೆ ಬಂದ 13ಕ್ಕೆ ಇದು ಹತ್ತಿರ ಬಂದಾಗ ನಿಜಕ್ಕೂ ಸಂತೋಷವಾಯಿತು. ಅದೇ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕೂಲಂಟ್ ನಿಮಿಷಕ್ಕೆ 40 ಲೀಟರ್ ಸುತ್ತುತ್ತಿದೆ ಎಂದೂ ತಿಳಿಯಿತು. ಆಚೆ ದಡ ಮುಟ್ಟಿ, ತಿರುಗಿ ಬಂದರೂ ಮುಳ್ಳು 84 ದಾಟಲಿಲ್ಲ. "ಗೇಜ್ ಕೆಟ್ಟಿದ್ಯೇನೋ ನೋಡು" ಎಂದರು ಅಣ್ಣ. ನಾನು ತಾಪ ಅಳೆದ ಥರ್ಮೋಕಪಲ್‌ನ ಅಂಕಿ ತೋರಿಸಿದೆ.

ಮಳೆಗಾಲ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿದೆ. 32 ಟ್ಯೂಬುಗಳಲ್ಲೂ ಬೆಳಕು ಆರಪಾರ. ಗೋಡೆಗೆ ತೆಳ್ಳನೆ ಕಂದು ಪೊರೆ, ಬಟ್ಟೆ ಸುತ್ತಿದ ಕಡ್ಡಿಯ ಒಂದೇ ಎಳೆತಕ್ಕೆ ಹೋಯಿತು. ಹೂಳು ಕೂತಿದ್ದದ್ದು ಮುಚ್ಚಳಗಳ ತಳದ ಮೂಲೆಯಲ್ಲಿ, ನೀರು ತಿರುಗುವಾಗ ನಿಧಾನವಾಗುವ ಜಾಗದಲ್ಲಿ, ಒಂದೊಂದು ಹಿಡಿಯಷ್ಟು. ಎರಡೂ ಮುಚ್ಚಳದ ಅತಿ ಕೆಳಗಿನ ಬಿಂದುವಿಗೆ ಅರ್ಧ ಇಂಚಿನ ಡ್ರೈನ್ ಪ್ಲಗ್ ಹಾಕಿದ್ದೇನೆ. ವಾರಕ್ಕೊಮ್ಮೆ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ತೆಗೆದು ನಾಲ್ಕು ಚೊಂಬು ನೀರು ಬಿಟ್ಟರೆ ಮಣ್ಣು ಜೊತೆಗೇ ಬರುತ್ತದೆ. ಇಂಪೆಲ್ಲರ್ ಮಾತ್ರ ಈ ಮಳೆಗಾಲಕ್ಕೂ ಸವೆದಿದೆ, ಬಕೆಟ್ 29 ಸೆಕೆಂಡು ತೆಗೆದುಕೊಂಡಿತು. ಮಣ್ಣು ನೀರಿನಲ್ಲಿ ಅದು ವರ್ಷಕ್ಕೊಂದು ಎಂದೇ ಇಟ್ಟುಕೊಳ್ಳಬೇಕು, ದೋಣಿಯ ಪೆಟ್ಟಿಗೆಯಲ್ಲಿ ಒಂದು ಹೆಚ್ಚಿಗೆ ಇರಲೇಬೇಕು.

ಇನ್ನು ಉಳಿದಿರುವುದು ಅಲಾರಂ. ಕೂಲಂಟ್ 92 ಡಿಗ್ರಿ ಮುಟ್ಟಿದರೆ ಕೂಗುವ ಸ್ವಿಚ್ ಎಂಜಿನ್‌ನ ಹೊರದಾರಿಯಲ್ಲಿ ಹಾಕಿಯಾಗಿದೆ. ಆದರೆ ಸ್ಟ್ರೇನರಿಗೆ ಎಲೆ ಕಟ್ಟಿ ಹೊಳೆ ನೀರು ಪೂರ್ತಿ ನಿಂತರೆ ಅಷ್ಟರೊಳಗೆ ಇಂಪೆಲ್ಲರ್ ಒಣಗಿ ಹರಿದೇ ಹೋಗುತ್ತದೆ. ಕೂಲರಿನ ಒಳದಾರಿಯಲ್ಲಿ ಆ 0.13 ಬಾರ್ ಒತ್ತಡವನ್ನೇ ಗಮನಿಸುವ ಸಣ್ಣ ಒತ್ತಡದ ಸ್ವಿಚ್ ಕೂರಿಸಿದರೆ, ನೀರು ನಿಂತ ಕ್ಷಣವೇ ಬಜರ್ ಹೊಡೆಯುತ್ತದೆ. ಅದಕ್ಕೆ ಬೇಕಾದ ಕಾಲಿಂಚಿನ ತೂತನ್ನು ಮುಂದಿನ ಮುಚ್ಚಳದಲ್ಲಿ ಈಗಾಗಲೇ ಕೊರೆದು ಪ್ಲಗ್ ಹಾಕಿಟ್ಟಿದ್ದೇನೆ. ಸ್ವಿಚ್ ಬಂದ ಮೇಲೆ ವೈರಿಂಗ್.